ಕೆಂಪು ಬಣ್ಣದ ಕೈಗುಣ

ಅಪ್ಪ,

ನೀನು ಸತ್ತಮೇಲಾದರೂ ನಿನ್ನ ಹಳೇ ಟ್ರ್ಯಾಕ್ಟರಿಗೆ ಬುದ್ಧಿ ಬಂತು. ಇವತ್ತು ಎಂಜಿನ್ ಕಾದಿದ್ದಾಗಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಬಿಸಿಯಲ್ಲಿ ಅದು ತಿಣುಕಾಡಿದಾಗಲೆಲ್ಲ "ನಿನ್ನ ಕೈಗುಣಾನೇ ಸರಿಯಿಲ್ಲ, ಇಳಿಯೇ ಕೆಳಗೆ" ಅಂತ ಎಲ್ಲರೆದುರು ನನ್ನನ್ನು ಬೈಯುತ್ತಿದ್ದೆಯಲ್ಲ, ಈಗ ಕೇಳು. ಬ್ಯಾಟರಿಯ ಅರ್ತ್ ವೈರು ಬಿಚ್ಚಿ ನೋಡಿದೆ. ಅದು ಬರಿ ಕಬ್ಬಿಣಕ್ಕೆ ತಾಗಬೇಕಾದ ಜಾಗದಲ್ಲಿ ನೀನು ವರ್ಷ ವರ್ಷ ಬಳಿದ ಕೆಂಪು ಬಣ್ಣ ದಪ್ಪಗೆ ಕೂತಿತ್ತು. ಎಂಜಿನ್ ತಣ್ಣಗಿದ್ದಾಗ ಹೇಗೋ ತಿರುಗುತ್ತಿತ್ತು, ಕಾದಮೇಲೆ ಕರೆಂಟು ಸಾಲುತ್ತಿರಲಿಲ್ಲ. ಅಷ್ಟು ಜಾಗ ಕೆರೆದು ವೈರು ಬಿಗಿದೆ. ಕೈಗುಣವಂತೆ, ಕೈಗುಣ!

ನೋಡುತ್ತಿದ್ದ ಮೆಕ್ಯಾನಿಕ್ ನಕ್ಕ: "ಯಾವ ಪುಣ್ಯಾತ್ಮ ಬಳಿದದ್ದು ಇದನ್ನ? ಪೂರ್ತಿ ಕೆರೆದು ಹೊಸ ಬಣ್ಣ ಹೊಡೀಲಾ?"

"ಮುಟ್ಟಿದ್ರೆ ನೋಡಿ" ಎಂದೆ.

ನಿನ್ನ ಮೇಲಿನ ಪ್ರೀತಿಗಲ್ಲ. ನಿನ್ನನ್ನು ಬೈಯೋದಕ್ಕೆ ನಾನೊಬ್ಬಳು ಸಾಕು.