ನಕ್ಷೆಯಲ್ಲಿಲ್ಲದ ಪೈಪು

ಮನೆಯಿಂದ,
ಹದಿನೇಳನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ದಿನಾ ಟೆರೇಸಿಗೆ ಹೋಗಿ ಟ್ಯಾಂಕಿನ ಮುಚ್ಚಳ ನೋಡಿ ಬರುತ್ತೀಯಂತೆ, ಅತ್ತಿಗೆ ದೂರು ಹೇಳಿದರು. ಮೂವತ್ತೊಂದು ವರ್ಷ ನಗರಸಭೆಯ ನಕ್ಷೆ ವಿಭಾಗದಲ್ಲಿ ಕೂತು ಗೆರೆ ಎಳೆದವನಿಗೆ ಈಗ ಓಡಾಡುವ ಚಟ ಹತ್ತಿದೆ ನೋಡು. ಅತ್ತಿಗೆಯ ಕಣ್ಣಿನ ಪೊರೆ ತೆಗೆಸಿದ್ದು ಸರಿಹೋಯಿತೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ಇವರ ಕೆಮ್ಮು ಇವರ ಹಾಗೇ, ಯಾರ ಮಾತೂ ಕೇಳುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಸಲ ‘ಹ್ಞೂಂ’ ಎಂದು ಅತ್ತಿಗೆಯ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಕಾಗದ ಹಿಡಿದೆ.

ಸುದ್ದಿ ನನ್ನ ಬಣ್ಣದ ಕಾರ್ಖಾನೆಯದು. ಕಾರ್ಖಾನೆ ಎಂದರೆ ನಿನಗೆ ಗೊತ್ತಲ್ಲ, ಒಂದು ತಗಡಿನ ಶೆಡ್ಡು, ನಾಲ್ಕು ಹಂಡೆ, ನೂಲಿಗೆ ಬಣ್ಣ ಹಾಕುವ ನಾವು ಮೂವರು ಹೆಂಗಸರು. ಹೋದ ತಿಂಗಳು ಎರಡು ದಿನ ಬಿಡದೆ ಮಳೆ ಹೊಯ್ದು ನಿಂತ ಮೇಲೆ ಶೆಡ್ಡಿನ ಹಿಂದಿನ ಹಳ್ಳ ಕಪ್ಪಗಾಯಿತು. ಮೀನುಗಳು ಸತ್ತು ತೇಲಿದವು. ಕಿಟಕಿ ತೆಗೆದರೆ ಊಟ ಸೇರುತ್ತಿರಲಿಲ್ಲ. ಸೇತುವೆಯ ಕೆಳಗಡೆ ಸಸಿ ಮಾರುವ ಅಜ್ಜಿ ಆ ನೀರನ್ನೇ ಎತ್ತಿ ಗಿಡಕ್ಕೆ ಹಾಕುವವಳು. ಅವಳ ಕಾಲಿನ ಒಂದು ಸಣ್ಣ ಗಾಯ ಕೀವಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು, ಎರಡು ಬೆರಳು ತೆಗೆದರು. ಜನ ದೂರು ಕೊಟ್ಟರು, ಆರೋಗ್ಯ ಇನ್‌ಸ್ಪೆಕ್ಟರು ಬಂದರು. ಯಾವ ದೂರಿಗೂ ‘ನೋಡೋಣ’ ಎನ್ನುವುದರಿಂದ ಬೀದಿಯವರೆಲ್ಲ ಅವರನ್ನು ನೋಡೋಣ ಸಾಹೇಬರು ಎನ್ನುತ್ತೇವೆ. ಈ ಸಲ ಮಾತ್ರ ಅವರು ಏನನ್ನೂ ನೋಡಲಿಲ್ಲ, ನೇರವಾಗಿ ಬಂದು ನನ್ನ ಶೆಡ್ಡಿಗೆ ಬೀಗ ಜಡಿದು ಸೀಲು ಒತ್ತಿದರು. ಬಣ್ಣದ ನೀರನ್ನು ಹಳ್ಳಕ್ಕೆ ಬಿಡುತ್ತೀ ಎಂದರು. ಬಿಡುತ್ತಿದ್ದೆ, ಅಣ್ಣಾ. ಹತ್ತೊಂಬತ್ತು ವರ್ಷದಿಂದ ನೂಲು ಜಾಲಿಸಿದ ನೀರು ಹೋಗುತ್ತಿದ್ದದ್ದು ಅಲ್ಲಿಗೇ. ಎಲ್ಲರೆದುರು ಒಪ್ಪಿಕೊಂಡೆ.

ಬೀಗ ಬಿದ್ದು ಹನ್ನೊಂದು ದಿನ ಕಳೆದರೂ ಹಳ್ಳ ಹಾಗೇ ಇತ್ತು. ತೇಲಿಬರುತ್ತಿದ್ದದ್ದು ಏನೆಂದು ಕಾಗದದಲ್ಲಿ ಬರೆಯಲಾರೆ. ಸಾಹೇಬರನ್ನು ಸೇತುವೆಗೆ ಕರೆದುಕೊಂಡು ಹೋಗಿ ಬೆರಳು ತೋರಿಸಿ, “ಇದನ್ನೂ ನಾವು ನೂಲಿಗೆ ಹಾಕ್ತೀವಾ ಸಾರ್?” ಎಂದೆ. ಅವರು ಮೂಗಿಗೆ ಕರ್ಚೀಫು ಹಿಡಿದು, “ನಕ್ಷೇಲಿ ಇಲ್ಲಿ ಒಳಚರಂಡಿ ಪೈಪೇ ಇಲ್ಲಮ್ಮಾ, ನಾನೇನ್ ಮಾಡ್ಲಿ?” ಎಂದರು. ಪಾಪ, ಅವರು ಹೇಳಿದ್ದು ಸುಳ್ಳಲ್ಲ, ನಕ್ಷೆಯಲ್ಲಿ ಇರಲಿಲ್ಲ. ಮಾರನೇ ದಿನ ನಾನು ಅಂಗಡಿಯಿಂದ ಎರಡು ಕಿಲೋ ಹಸಿರು ಪುಡಿ ತಂದು ಕಲಸಿದೆ. ಆ ತಿಂಗಳು ನಾವು ಹಾಕಿದ್ದೆಲ್ಲ ಕೆಂಪು, ನೀಲಿ. ಹಸಿರಾದರೆ ನಮ್ಮ ಹಳೇ ಬಣ್ಣ ಎನ್ನಲು ಯಾರಿಗೂ ಬಾಯಿರುವುದಿಲ್ಲ. ಪಕ್ಕದ ಮನೆಯ ಪ್ಲಂಬರು ಮೇಲಿನ ಬೀದಿಯಲ್ಲಿ, ಬಸ್ ಡಿಪೋ ಹಿಂದಿನ ಮ್ಯಾನ್‌ಹೋಲಿನ ಮುಚ್ಚಳ ಎತ್ತಿದ. ಎರಡು ಬಕೆಟ್ ಸುರಿದೆ. ಸಾಹೇಬರು ಸೇತುವೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ‘ನಿಮ್ಮ ಸಮಾಧಾನಕ್ಕೆ’ ಎಂದೇ ಬಂದಿದ್ದರು. ಇಪ್ಪತ್ತೆರಡು ನಿಮಿಷಕ್ಕೆ ಹಳ್ಳದ ದಡದ ಕಲ್ಲುಗೋಡೆಯ ಬುಡದ ಪೊದೆಯಿಂದ ಗಿಳಿಹಸಿರು ನೀರು ಧಾರೆಯಾಗಿ ಇಳಿಯಿತು. ಪೊದೆ ಸವರಿದರೆ ಒಳಗೆ ಮಗು ತೂರುವಷ್ಟು ದೊಡ್ಡ ಪೈಪಿನ ಬಾಯಿ. ಡಿಪೋದಿಂದ ಮುಂದಕ್ಕೆ ದೊಡ್ಡ ಒಳಚರಂಡಿ ಆ ಮಳೆಗೆ ಹೂಳು ತುಂಬಿ ಮುಚ್ಚಿಹೋಗಿದ್ದರಿಂದ, ಮಳೆ ನಿಂತ ಮೇಲೂ ಇಡೀ ಬೀದಿಯ ಹೊಲಸು ಇದರಲ್ಲೇ ಇಳಿಯುತ್ತಿತ್ತು. ಸಾಹೇಬರು ಕೊಡೆ ಮಡಚಿ, ಬಗ್ಗಿ ನೋಡಿ, “ಇದು ನಕ್ಷೇಲಿಲ್ಲ” ಎಂದರು. ಸೇತುವೆ ತುಂಬ ನಗು. ಆದರೂ ಅವರನ್ನು ಹೊಗಳಬೇಕು, ಕಂಡದ್ದನ್ನು ಕಂಡ ಹಾಗೆ ವರದಿ ಬರೆದರು.

ಮೊನ್ನೆ ವಿಚಾರಣೆ ನಡೆಯಿತು. ನಿನ್ನ ಹಳೇ ಆಫೀಸಿನ ಮೇಲ್ಮಹಡಿ, ಅದೇ ಕಿರುಗುಟ್ಟುವ ಫ್ಯಾನು. ನನ್ನ ಬೀಗ ತೆಗೆಯಲು ಒಪ್ಪಿದರು. ತೊಟ್ಟಿ ಕಟ್ಟಿಸಿ, ನೀರು ಸೋಸಿಯೇ ಬಿಡಬೇಕೆಂಬ ಷರತ್ತು. ನ್ಯಾಯವಾದದ್ದು, ಸಹಿ ಹಾಕಿದೆ. ಆಮೇಲೆ ದೊಡ್ಡ ಎಂಜಿನಿಯರು ಎದ್ದು, ಆ ಪೈಪು ನಗರಸಭೆಯದಲ್ಲ, ಮೇಲಿನ ಬೀದಿಯವರೇ ಕಳ್ಳತನದಲ್ಲಿ ಹಾಕಿಕೊಂಡದ್ದು ಎಂದರು. ನಲವತ್ತು ಮನೆಗೆ ನೋಟೀಸು ಹೋಗಿದೆ. ದಂಡ ಕಟ್ಟಬೇಕು, ಅಗೆದು ಸರಿಮಾಡುವ ಖರ್ಚೂ ಅವರದೇ. ನನ್ನ ಹತ್ತಿರ ಕೆಲಸ ಮಾಡುವ ಇಬ್ಬರ ಮನೆಯೂ ಆ ನಲವತ್ತರಲ್ಲಿದೆ. ಇಬ್ಬರೂ ನಿನ್ನೆ ಕೆಲಸಕ್ಕೆ ಬಂದು, ನಾನು ಕೊಟ್ಟ ಚಹಾ ಮುಟ್ಟದೆ ನೂಲು ಸುತ್ತಿಟ್ಟು ಹೋದರು. ಪುಡಿ ಸುರಿದು ಅವರ ತಲೆಗೆ ತಂದವಳು ನಾನೇ ಅಲ್ಲವೇ.

ಇಷ್ಟೇ ಸಮಾಚಾರ. ಔಷಧಿ ಹೊತ್ತಿಗೆ ಸರಿಯಾಗಿ ತಗೋ. ಅತ್ತಿಗೆಗೆ ನಮಸ್ಕಾರ ಹೇಳು, ಹೊಲಿಗೆಗೆ ಈಗಲೇ ಕೂರಬೇಡಿ ಅನ್ನು. ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ತಂಗಿ,
ನೀನೇ ಇಟ್ಟ ಹೆಸರಿನ ಮೊಂಡಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಷ್ಟು ಮ್ಯಾನ್‌ಹೋಲು ಇರುವಾಗ ಅದನ್ನೇ ಹೇಗೆ ಆರಿಸಿದಿರಿ ಎಂದು ವಿಚಾರಣೆಯಲ್ಲಿ ಕೇಳಿದರು. ಅಂದಾಜು ಎಂದುಬಿಟ್ಟೆ. ಹದಿನಾರು ವರ್ಷದ ಹಿಂದೆ ನಮ್ಮ ಅಡುಗೆಮನೆಯಲ್ಲಿ ಕೂತು ನೀನೇ ಹೇಳಿದ್ದೆ: “ಡಿಪೋ ಹಿಂದೆ ಹಳ್ಳಕ್ಕೊಂದು ಪೈಪ್ ಬಿಟ್ಟಿದೀವಿ, ಪರ್ಮಿಶನ್ ಇಲ್ಲ. ನಕ್ಷೇಲಿ ತೋರಿಸ್ಬೇಡ ಅಂದ್ರು ದೊಡ್ಡೋರು, ತೋರಿಸ್ಲಿಲ್ಲ.” ಆಗ ನಾನೂ ನಕ್ಕಿದ್ದೆ. ಇಪ್ಪತ್ತೈದಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಕರೆದಿದ್ದಾರೆ. ಈ ಸಲ ಅಂದಾಜು ಎನ್ನುವುದಿಲ್ಲ, ಯಾರು ಹೇಳಿದರೆಂದು ಹೇಳುತ್ತೇನೆ. ನಿನ್ನ ಪಿಂಚಣಿಗೆ ತೊಂದರೆಯಾದೀತೇ ಎಂದು ವಕೀಲರನ್ನು ಕೇಳಿದೆ. ಆಗುವುದಿಲ್ಲ ಎಂದು ಅವರು ಹೇಳಲಿಲ್ಲ. ನನ್ನ ಬಾಯಿಂದ ಬರುವುದಕ್ಕಿಂತ ನಿನ್ನ ಬಾಯಿಂದ ಬಂದರೆ ಒಳ್ಳೆಯದು, ತೋರಿಸಬೇಡ ಎಂದವರು ಯಾರೆಂದು ನಿನಗೊಬ್ಬನಿಗೇ ಗೊತ್ತು. ಹಿಂದಿನ ದಿನವೇ ಬಾ ಅಣ್ಣಾ. ನೀನು ಬಾರದಿದ್ದರೂ ನಾನು ಹೋಗುತ್ತೇನೆ.