ಅಟ್ಟದ ಕೋಣೆಯ ಪಾಸ್‌ವರ್ಡ್

ಪ್ರೀತಿಯ ಅಕ್ಕನಿಗೆ,

ಭಾವ ತೀರಿಕೊಂಡ ಮೇಲೆ, ಇಲ್ಲಿಗೇ ಬಂದುಬಿಡು ಎಂದು ನಾನು ಎರಡು ಸಲ ಕರೆದೆ. ಎರಡು ಸಲವೂ ನೀನು, "ನನ್ನ ಆನ್‌ಲೈನ್ ಪಾಠಕ್ಕೆ ನಿಮ್ಮನೆ ನೆಟ್ ಸಾಲಲ್ಲ ಕಣೇ" ಎಂದು ಜಾರಿಕೊಂಡೆ. ಈಗ ಆ ನೆಪವೂ ಉಳಿದಿಲ್ಲ. ನಾವಿಬ್ಬರೂ ಆಡಿ ಬೆಳೆದ ಅಟ್ಟದ ಕೋಣೆಗೆ ನಿನ್ನೆ ಹೊಸ ರೌಟರ್ ಹಾಕಿಸಿದೆ.

"ಮೊದಲ ಪಾಸ್‌ವರ್ಡ್ ಇದರ ಅಡಿಯಲ್ಲೇ ಅಂಟಿಸಿರ್ತಾರೆ. ಅದನ್ನ ಹಾಗೇ ಬಿಟ್ರೆ ಯಾರು ಬೇಕಾದ್ರೂ ಒಳಗೆ ಬರ್ತಾರೆ. ನಿಮ್ದೇ ಒಂದು ಹೇಳಿ," ಎಂದ ನೆಟ್‌ನವನು.

ನನ್ನ ಬಾಯಿಂದ ತಾನಾಗಿಯೇ ಬಂತು: "ಗುಬ್ಬಚ್ಚಿಗೆ ಗಡ್ಡ."

ನೆನಪಿದೆಯಾ? ಆ ಕೋಣೆಗೆ ಚಿಲಕ ಹಾಕಿಕೊಂಡು, ಈ ಮಾತು ಹೇಳದೆ ಯಾರನ್ನೂ ನೀನು ಒಳಗೆ ಬಿಡುತ್ತಿರಲಿಲ್ಲ. ಅಪ್ಪ ಹೊರಗೆ ನಿಂತು, "ಕಾಗೆಗೆ ಮೀಸೆನಾ?" ಎಂದು ಕೇಳಿದರೆ, ನೀನು "ತಪ್ಪು! ನಾಳೆ ಬನ್ನಿ" ಎಂದು ಬಿದ್ದು ಬಿದ್ದು ನಗುತ್ತಿದ್ದೆ. ಅಪ್ಪನಿಗೆ ಆ ಮಾತು ಗೊತ್ತಿತ್ತಂತೆ. ನಿನ್ನ ನಗು ಕೇಳಲೆಂದೇ ತಪ್ಪು ಹೇಳುತ್ತಿದ್ದರೆಂದು ಅಮ್ಮ ಎಷ್ಟೋ ವರ್ಷದ ಮೇಲೆ ಹೇಳಿದಳು.

ನೆಟ್‌ನವನು ನಗು ತಡೆದುಕೊಂಡು, "ಇಂಗ್ಲಿಷ್‌ನಲ್ಲಿ ಹೇಗೆ ಬರೀಲಿ ಮೇಡಂ?" ಎಂದ. ಒಂದೊಂದೇ ಅಕ್ಷರ ಹೇಳುತ್ತಾ ಹೋದೆ.

ಬರುವಾಗ ನೀನು ಪಾಠ ಮಾಡುವ ಬೋರ್ಡು ತಾ. ಗೋಡೆಗೆ ಮೊಳೆ ಹೊಡೆಸಿದ್ದೇನೆ. ನಮ್ಮವರು ಒಬ್ಬರೇ ಮಂಚವನ್ನೂ ಅಟ್ಟಕ್ಕೆ ಸಾಗಿಸಿ, ಈಗ ಸೊಂಟ ಹಿಡಿದುಕೊಂಡು ಕೂತಿದ್ದಾರೆ. "ಅಕ್ಕ ಬಂದ್ಮೇಲೆ ವಾಪಸ್ ಹೋಗೋ ಮಾತಿಲ್ಲ ಅಂತ ಬರಿ. ಈ ಮಂಚ ಮತ್ತೆ ಕೆಳಗಿಳಿಸೋಕೆ ನನ್ನ ಕೈಲಾಗಲ್ಲ," ಎನ್ನುತ್ತಿದ್ದಾರೆ.

ನಿನ್ನ ದಾರಿ ನೋಡುತ್ತಿರುವ
ತಂಗಿ