ಅತ್ತಿಗೆಗೆ ಜಾಮೀನು

ಮಾರ್ಚ್ 3, ಬೆಳಗ್ಗೆ

ಬೇಕರಿಯ ಓವನ್ ಇವತ್ತೂ ಸತಾಯಿಸಿತು. ಮೊದಲ ಟ್ರೇ ಕೆಳಗೆ ಕಪ್ಪು, ಮೇಲೆ ಹಸಿ. ಅತ್ತಿಗೆ ಹಿಟ್ಟು ನಾದುತ್ತ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು. ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಗುನುಗು ನಿಂತಿತು.

ಯುದ್ಧ ಶುರುವಾಗಿರುವುದು ಅವಳ ದೇಶದ ಜೊತೆ. ಅಣ್ಣ ಬಂದೂಕು ಹಿಡಿದು ಹೋಗಿರುವುದೂ ಅತ್ತಲೇ — ತನ್ನ ಮಾವನ ಮನೆ ಕಡೆಗೆ. ನಗಬೇಕೋ ಅಳಬೇಕೋ.

ಮಾರ್ಚ್ 5

ಮೇಷ್ಟ್ರ ಹೆಂಡತಿ ಬ್ರೆಡ್ಡನ್ನು ಮೂಸಿ ನೋಡಿ, ಇದನ್ನು ಕಲಸಿದವರು ಯಾರಮ್ಮಾ ಎಂದು ಕೇಳಿದಳು. ನಾನೇ ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ಪರದೆ ಹಿಂದೆಯೇ ಅತ್ತಿಗೆ ಇದ್ದಳು... ಆಮೇಲೆ ಅವಳು ಅಂಗಡಿ ಕಡೆ ತಲೆ ಹಾಕಲಿಲ್ಲ. ನಾನೂ ಕರೆಯಲಿಲ್ಲ. ವ್ಯಾಪಾರ ಚೆನ್ನಾಗಿಯೇ ಆಯಿತು. ಅದೇ ಚುಚ್ಚುತ್ತಿದೆ.

ಮಾರ್ಚ್ 11

ಬರೆಯಲು ಕೈ ಬರಲಿಲ್ಲ. ಯಾರೋ ಶೋಕೇಸಿನ ಗಾಜು ಒಡೆದಿದ್ದಾರೆ.

ಪೊಲೀಸ್ ಬಂದ. ಅಣ್ಣನ ಗೆಳೆಯ, ನಮ್ಮ ಅಡುಗೆಮನೆಯಲ್ಲೇ ಉಂಡು ಬೆಳೆದವನು. ಇವತ್ತು ಬಾಗಿಲಲ್ಲೇ ನಿಂತ. ಶತ್ರು ದೇಶದವರನ್ನೆಲ್ಲ ಕ್ಯಾಂಪಿಗೆ ಸಾಗಿಸುತ್ತಾರಂತೆ. ಮನೆಯವರು ಯಾರಾದರೂ ಜಾಮೀನು ನಿಂತರೆ ಬಿಡುತ್ತಾರೆ. ಆಮೇಲೆ ಅವಳ ಮೇಲೆ ಯಾರು ಏನು ದೂರು ಕೊಟ್ಟರೂ ಜಾಮೀನು ನಿಂತವರೂ ಒಳಗೆ. ಯೋಚಿಸಿ ಹೇಳುತ್ತೇನೆ ಎಂದೆ. ಅತ್ತಿಗೆ ಗಾಜು ಗುಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಮಾರ್ಚ್ 14, ಸಂಜೆ

ಅವನು ಮತ್ತೆ ಬಂದ. ಅತ್ತಿಗೆಯನ್ನು ಒಯ್ಯಲು ಎಂದುಕೊಂಡೆ. ಅಲ್ಲ. ಅಣ್ಣ ಸೆರೆ ಸಿಕ್ಕಿದ್ದಾನೆ. ಜೀವಂತ ಇದ್ದಾನೆ. ಅವಳ ದೇಶದಲ್ಲಿ.

ಬೀದಿಗೆಲ್ಲ ಸುದ್ದಿ. ಸಮಾಧಾನ ಹೇಳಲು ಬಂದ ಎದುರುಮನೆ ದರ್ಜಿಯಮ್ಮ ಕೊನೆಗೆ ಹೇಳಿದ್ದು, ಇನ್ನಾದರೂ ಆ ಪೀಡೆಯನ್ನು ಹೊರಗೆ ಹಾಕಿ ಎಂದು. ಅಮ್ಮ ಅತ್ತಿಗೆಯನ್ನು ಒಂದು ದಿನವೂ ಸೊಸೆ ಎಂದವಳಲ್ಲ. 'ಆ ಹುಡುಗಿ', ಅಷ್ಟೇ. ಅಂಥ ಅಮ್ಮನೇ ಎದ್ದು ನಿಂತಳು.

"ಅಲ್ಲಿ ಯಾರಾದ್ರೂ ನನ್ನ ಮಗನಿಗೆ ಒಂದು ಲೋಟ ನೀರು ಕೊಡ್ಲಿ ಅಂತ ಕಾಯ್ತಾ ಕೂತಿದೀನಿ. ಇಲ್ಲಿ ನನ್ನ ಸೊಸೇನ ಯಾವ ಬಾಯಲ್ಲಿ ಹೊರಗೆ ಹೋಗು ಅನ್ನಲಿ?"

ದರ್ಜಿಯಮ್ಮ ಚಪ್ಪಲಿ ಹುಡುಕಿಕೊಂಡಳು.

ಮಾರ್ಚ್ 15

ಅಮ್ಮ ಅತ್ತಿಗೆಯ ಕೈ ಹಿಡಿದು ಮಾರ್ಕೆಟ್ಟಿನ ನಟ್ಟನಡುವೆ ಸ್ಟೇಷನ್ನಿಗೆ ನಡೆದಳು. ಹಿಂದೆ ನಾನು. ಜನ ದಾರಿ ಬಿಟ್ಟರು — ಗೌರವಕ್ಕಲ್ಲ. ಯಾರೋ ಉಗಿದರು.

ವಯಸ್ಸಾದವರ ಜಾಮೀನು ನಡೆಯುವುದಿಲ್ಲ ಎಂದರು ಸ್ಟೇಷನ್ನಿನಲ್ಲಿ. ದುಡಿಯುವವರೇ ಆಗಬೇಕಂತೆ. ಅಮ್ಮ ನನ್ನ ಮುಖ ನೋಡಲಿಲ್ಲ. ಅತ್ತಿಗೆ ನೋಡಿದಳು.

"ಬೇಡ. ಬೇಕರಿ ಹೋಗುತ್ತೆ. ನಾನು ಹೋಗ್ತೀನಿ."

ಒಂದೊಂದೇ ಪದ ಎತ್ತಿಟ್ಟಂತೆ ಹೇಳಿದಳು. ಓಡಿಹೋಗೋಣ ಅನ್ನಿಸಿತು, ಅದೂ ನಿಜ.

"ನನ್ನ ಹೆಸರು ಬರ್ಕೋ," ಎಂದೆ ಅಣ್ಣನ ಗೆಳೆಯನಿಗೆ.

ಅವನು ಪೆನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದ.

ಮಾರ್ಚ್ 19, ಮಧ್ಯಾಹ್ನ

ಟ್ರೇಗಳು ಹಾಗೇ ಇವೆ. ಗಿರಾಕಿಗಳ ಸುಳಿವಿಲ್ಲ. ನಾವೇ ತಿನ್ನುತ್ತಿದ್ದೇವೆ. ಹೀಗಾದರೆ ಮೂವರೂ ಬನ್ನಿನ ಹಾಗೆ ಉಬ್ಬುತ್ತೇವೆ ಎಂದಳು ಅಮ್ಮ. ಅತ್ತಿಗೆ ನಕ್ಕಳು, ತುಂಬ ದಿನದ ಮೇಲೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಸಣ್ಣ ಸದ್ದಾದರೂ ಎದ್ದು ನೋಡುತ್ತೇನೆ...

ಈಗ ನಿಜವಾಗಿಯೂ ಹೊರಗೆ ಜನ, ಗಿರಾಕಿಗಳಲ್ಲ. ಮೇಷ್ಟ್ರ ದನಿ ಕೇಳಿಸುತ್ತಿದೆ. ಅತ್ತಿಗೆ ಏಪ್ರನ್ ಬಿಚ್ಚಿಟ್ಟು ಬಾಗಿಲ ಕಡೆ ಹೊರಟಳು. ಅಮ್ಮ ಅವಳನ್ನು ದಾಟಿ ಮುಂದೆ. ಜಾಮೀನು ನಿಂತ ನಾನಲ್ಲವೇ ಇಬ್ಬರಿಗಿಂತ ಮುಂದೆ ಇರಬೇಕಾದವಳು, ಹೊರಟೆ —